ಮಿಂಬರಿನಿಂದಲೇ ಹೇಳಬೇಕಾದ ಮಾತು

(ಹೊಸನಗರ ತಾಲೂಕಿನ ಮಸೀದಿಯೊಂದರಲ್ಲಿ ಜುಮಾ ಖುತ್ಬಾಕ್ಕೆ ಮೊದಲು ಕನ್ನಡದಲ್ಲಿ ನೀಡಿದ ಪ್ರವಚನದ ಬರಹರೂಪ. ಮನೆಯವರ ಇಚ್ಛೆಯಂತೆ ಮರ್ಹೂಮರ ಹೆಸರು, ಊರಿನ ಹೆಸರು ಹಾಕಿಲ್ಲ.)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಸಲಾತು ಸಲಾಮ್ ಇರಲಿ.

ಕಳೆದ ಮಂಗಳವಾರ ಅಸರ್ ನಮಾಝಿನ ನಂತರ ನಮ್ಮ ಪ್ರೊಫೆಸರ್ ಸಾಹೇಬರನ್ನು ದಫನ್ ಮಾಡಿದೆವು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸಾಗರದಿಂದ ಮಗಳ ಮನೆಯವರು, ತೀರ್ಥಹಳ್ಳಿಯಿಂದ ಹಳೆಯ ವಿದ್ಯಾರ್ಥಿಗಳು, ಸುತ್ತಮುತ್ತಲಿನ ಹಿಂದೂ ಬಾಂಧವರು, ಹೊಸನಗರ ಪೇಟೆಯ ಅಂಗಡಿಯವರು ಎಲ್ಲ ಬಂದಿದ್ದರು. ಜನಾಝಾ ನಮಾಝಿಗೆ ನಿಲ್ಲುವ ಮೊದಲು ವಾಡಿಕೆಯಂತೆ ಕೇಳಿದೆ: ಮರ್ಹೂಮರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ಮಕ್ಕಳಿಗೆ ತಿಳಿಸಿ, ಅವರು ತೀರಿಸುತ್ತಾರೆ ಎಂದು. ಯಾರೂ ಬಾಯಿ ತೆರೆಯಲಿಲ್ಲ. ಆದರೆ ಹಾಗೆ ಕೇಳುತ್ತಿದ್ದ ನನಗೇ ಒಂದು ಲೆಕ್ಕ ಗೊತ್ತಿತ್ತು. ಅವರಿಂದ ನನಗೆ ಬರಬೇಕಾದ್ದು ಏನೂ ಇರಲಿಲ್ಲ. ನನ್ನಿಂದ ಅವರಿಗೆ ಸಲ್ಲಬೇಕಾದ್ದು ಒಂದು ಬಾಕಿ ಇತ್ತು. ಅದನ್ನು ಇಂದು ಇಲ್ಲಿಂದ ಹೇಳಬೇಕು. ಅದಕ್ಕೆ ಮೊದಲು ಅವರು ಯಾರಾಗಿದ್ದರು ಎಂದು ನಮ್ಮ ಚಿಕ್ಕ ಮಕ್ಕಳಿಗೆ ತಿಳಿಯಬೇಕಾದ್ದರಿಂದ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಅವರು ಹುಟ್ಟಿದ್ದು 1942ರಲ್ಲಿ, ಶರಾವತಿಯ ದಡದ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳ ಜೊತೆ ಅದೂ ನೀರಿನಡಿಗೆ ಹೋಯಿತು. ಆಗ ಅವರು ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದರು. "ಪರೀಕ್ಷೆ ಮುಗಿಸಿ ರಜೆಗೆ ಬಂದರೆ ಊರೇ ಇರಲಿಲ್ಲ ಹಝ್ರತ್, ಬಸ್ ಇಳಿದು ಎತ್ತ ಹೋಗಬೇಕು ಅಂತ ಗೊತ್ತಾಗಲಿಲ್ಲ" ಎಂದು ನಗುತ್ತಾ ಹೇಳುತ್ತಿದ್ದರು. ಆ ನಗು ನಿಜವಾದದ್ದಲ್ಲ ಎಂದು ನನಗೆ ತಿಳಿದದ್ದು ಒಂದು ಬೇಸಿಗೆಯಲ್ಲಿ. ಮಳೆ ಕಡಿಮೆಯಾಗಿ ಹಿನ್ನೀರು ಬಹಳ ಕೆಳಗಿಳಿದ ವರ್ಷ ಅದು. ನನ್ನನ್ನು ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೊರಟರು. ವಯಸ್ಸು ಆಗಲೇ 70 ದಾಟಿತ್ತು. ಬಿರುಕು ಬಿಟ್ಟ ಕೆಸರಿನ ಬಯಲಿನಲ್ಲಿ, ಒಣಗಿದ ಮರದ ಬೊಡ್ಡೆಗಳ ನಡುವೆ ನಡೆದು ಒಂದು ಕಡೆ ನಿಂತು, "ಅಬ್ಬಾ ಇಲ್ಲೆಲ್ಲೋ ಇದ್ದಾರೆ" ಎಂದರು. ಅವರ ತಂದೆಯ ಕಬರ್ ಇದ್ದ ಜಾಗ. ಗುರುತಿಗೆ ಒಂದು ಕಲ್ಲೂ ಉಳಿದಿರಲಿಲ್ಲ. ಇಬ್ಬರೂ ಫಾತಿಹಾ ಓದಿದೆವು. ದುಆ ಮುಗಿದ ಮೇಲೆ, ಕಣ್ಣು ಒರೆಸಿಕೊಂಡು ಬಗ್ಗಿದರು. ಕೊಚ್ಚಿಹೋದ ಒಂದು ಅಂಚಿನಲ್ಲಿ ಮಣ್ಣಿನ ಪದರಗಳನ್ನು ಬೆರಳಿನಿಂದ ತೋರಿಸುತ್ತಾ, ಮಳೆಗಾಲದ ಕೆಸರು ಯಾವುದು, ಬೇಸಿಗೆಯದು ಯಾವುದು ಎಂದು ಪಾಠ ಮಾಡತೊಡಗಿದರು. ಅವರು ಹಾಗೆಯೇ. ದುಃಖದಲ್ಲೂ ಪಾಠ ಮಾಡುವವರು.

ಮುಂದೆ ಸರ್ಕಾರಿ ಕಾಲೇಜುಗಳಲ್ಲಿ ಭೂವಿಜ್ಞಾನ ಕಲಿಸಿ, 2000ದಲ್ಲಿ ನಿವೃತ್ತರಾಗಿ ಇಲ್ಲಿಗೆ ಬಂದರು. ಈ ಊರಿನಲ್ಲಿ ಅವರಿಗೆ ಜಮೀನಿರಲಿಲ್ಲ. ಮುಳುಗಿದ ಊರಿಗೆ ಹತ್ತಿರ ಎಂಬುದೊಂದೇ ಕಾರಣ. ಬೆಂಗಳೂರಿನಲ್ಲಿ 1958ರಲ್ಲಿ ಶುರುವಾದ ಜಿಯಾಲಾಜಿಕಲ್ ಸೊಸೈಟಿಯ ಪತ್ರಿಕೆ ಕೊನೆಯವರೆಗೂ ಅವರ ಮನೆಗೆ ಬರುತ್ತಿತ್ತು. ಆ ಸೊಸೈಟಿಯನ್ನು ಕಟ್ಟಿದ ಡಾ. ಬಿ.ಪಿ. ರಾಧಾಕೃಷ್ಣರ ಹೆಸರು ಬಂದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಭೂಮಿಯ ವಿಷಯವನ್ನು ಕನ್ನಡದಲ್ಲೂ ಬರೆದ ದೊಡ್ಡವರು ಎಂಬ ಗೌರವ. ಇವರಿಗೂ ಅದೇ ಹಟ. ಕಲ್ಲಿನ ವಿಷಯ ಕಲ್ಲು ಒಡೆಯುವವನಿಗೆ ಅರ್ಥವಾಗದಿದ್ದರೆ ನಾನು ಕಲಿತದ್ದು ದಂಡ ಎನ್ನುತ್ತಿದ್ದರು.

ನಾನು ಈ ಮಸೀದಿಗೆ ಬಂದದ್ದು 2010ರಲ್ಲಿ. ಮದ್ರಸದಲ್ಲಿ ಓದಿದವನು. ಅರಬಿ, ಉರ್ದು ಗೊತ್ತಿತ್ತು. ಕನ್ನಡ ಮಾತಾಡುತ್ತಿದ್ದೆ, ಬರೆಯಲು ಕೈ ನಡುಗುತ್ತಿತ್ತು. ದೂರಶಿಕ್ಷಣದಲ್ಲಿ ಬಿ.ಎ. ಮಾಡಿ ಎಂದು ಅರ್ಜಿ ಫಾರಂ ತಂದು ಕೈಗಿತ್ತವರು ಅವರೇ. ಮೂರು ವರ್ಷ ಇಶಾ ನಮಾಝಿನ ನಂತರ ಅವರ ಜಗಲಿಯಲ್ಲಿ ಕೂತು ಓದಿದೆ. ನಾನು ಇಂದು ನಿಮ್ಮ ಮುಂದೆ ಕನ್ನಡದಲ್ಲಿ ನಾಲ್ಕು ಮಾತು ತಪ್ಪಿಲ್ಲದೆ ಆಡುತ್ತಿದ್ದರೆ, ಈ ಪತ್ರಿಕೆಗೆ ಬರೆಯುತ್ತಿದ್ದರೆ ಅದರ ಹಿಂದೆ ಅವರಿದ್ದಾರೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿನವರಿಗೆ ಅವರು ಗೊತ್ತಿದ್ದದ್ದು ಮುಖ್ಯವಾಗಿ ನೀರಿನಿಂದ. ಬಾವಿ ತೆಗೆಸಬೇಕು, ಬೋರ್ ಹಾಕಿಸಬೇಕು ಎಂದರೆ ಅವರ ಮನೆಗೆ ಹೋಗುವುದು. ತೆಂಗಿನಕಾಯಿ ಹಿಡಿದು ನೀರು ನೋಡುವವರ ಹಾಗೆ ಅವರು ಒಂದು ಕ್ಷಣದಲ್ಲಿ ಜಾಗ ತೋರಿಸುತ್ತಿರಲಿಲ್ಲ. ಅಕ್ಕಪಕ್ಕದ ಬಾವಿಗಳ ಆಳ ಕೇಳುತ್ತಿದ್ದರು, ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಬರೆದುಕೊಳ್ಳುತ್ತಿದ್ದರು, ಗುಡ್ಡ ಹತ್ತಿ ಇಳಿಯುತ್ತಿದ್ದರು. ಕೊನೆಗೆ ಅರ್ಧದಷ್ಟು ಸಲ ಹೇಳುತ್ತಿದ್ದ ಮಾತು, "ಇಲ್ಲಿ ಬೇಡ, ದುಡ್ಡು ಉಳಿಸಿಕೊಳ್ಳಿ." ಜನಕ್ಕೆ ಸಿಟ್ಟು ಬರುತ್ತಿತ್ತು. ಒಬ್ಬ ವಿಧವೆ ತಾಯಿ ಬಳೆ ಮಾರಿ ಬೋರ್ ಹಾಕಿಸಲು ಹೊರಟಿದ್ದರು. ಇವರು ತಡೆದರು. ಮನೆಯ ಹಿಂದಿನ ಹಳೆಯ ಬಾವಿಯ ಹೂಳು ತೆಗೆಸಿ, ಮೇಲಿನ ಇಳಿಜಾರಿನಲ್ಲಿ ಹುಡುಗರಿಂದ ಇಂಗುಗುಂಡಿ ತೋಡಿಸಿದರು. ಕಾಸರಗೋಡು ಕಡೆಯ ಶ್ರೀ ಪಡ್ರೆಯವರು ಮಳೆನೀರಿನ ಬಗ್ಗೆ ಬರೆದದ್ದನ್ನು ಕತ್ತರಿಸಿಟ್ಟುಕೊಂಡಿದ್ದರು, ಅದನ್ನೇ ಹುಡುಗರಿಗೆ ಓದಿಸಿದರು. ಎರಡನೆಯ ವರ್ಷದಿಂದ ಆ ಬಾವಿ ಮೇ ತಿಂಗಳಲ್ಲೂ ನಿಂತಿತು. ಬಳೆ ಈಗ ಆ ತಾಯಿಯ ಸೊಸೆಯ ಕೈಯಲ್ಲಿದೆ. ಕೂಲಿ ಎಂದು ಅವರು ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡದ್ದು ನನಗೆ ಗೊತ್ತಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಿದರೆ ಬೇಡ ಎನ್ನುತ್ತಿರಲಿಲ್ಲ.

ಸೂರಃ ಬಕರದಲ್ಲಿ ಅಲ್ಲಾಹನು ಗಡುಸಾದ ಹೃದಯಗಳನ್ನು ಕಲ್ಲಿಗೆ ಹೋಲಿಸುತ್ತಾ, ಕಲ್ಲುಗಳಲ್ಲೂ ಬಿರಿದು ನೀರು ಹೊರಡುವಂಥವು ಇವೆ ಎಂದು ನೆನಪಿಸುತ್ತಾನಲ್ಲ. ಆ ಆಯತ್ ಓದಿದಾಗಲೆಲ್ಲ ಅವರು ತಲೆದೂಗುತ್ತಿದ್ದರು. ನಮ್ಮ ಕೆಳಗಿನ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲೇ. ಬಿರುಕು ಸಿಕ್ಕಿದರೆ ಬೋರ್‌ಗೆ ನೀರು, ಇಲ್ಲದಿದ್ದರೆ ಎಷ್ಟು ಅಡಿ ಇಳಿಸಿದರೂ ಧೂಳು.

ಆದರೆ ಒಂದು ವಿಷಯದಲ್ಲಿ ನನ್ನ ಕಿವಿ ಹಿಂಡಿದ್ದಾರೆ. ಬಂದ ಹೊಸದರಲ್ಲಿ ನಾನು ಒಂದು ಬಯಾನ್‌ನಲ್ಲಿ ಪರ್ವತಗಳನ್ನು ಗೂಟಗಳೆಂದು ಹೇಳಿದ ಆಯತನ್ನು ಎತ್ತಿಕೊಂಡು, ಇಂದಿನ ವಿಜ್ಞಾನ ಇದನ್ನೇ ಸಾಬೀತು ಮಾಡಿದೆ ಎಂದು ಜೋರಾಗಿ ಹೇಳಿದೆ. ಎಲ್ಲಿಯೋ ವಿಡಿಯೋದಲ್ಲಿ ನೋಡಿದ್ದು. ನಮಾಝ್ ಮುಗಿದ ಮೇಲೆ ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ಹಝ್ರತ್, ನಾನು ಓದುವಾಗ ಖಂಡಗಳು ಚಲಿಸುತ್ತವೆ ಅನ್ನೋದನ್ನು ನಮ್ಮ ಮೇಷ್ಟ್ರು ನಗುತ್ತಾ ಹೇಳ್ತಿದ್ರು. ಹತ್ತು ವರ್ಷದಲ್ಲಿ ಅದನ್ನೇ ನಾನು ಪಾಠ ಮಾಡಬೇಕಾಯ್ತು. ನಮ್ಮ ಪುಸ್ತಕ ತಿದ್ದುಪಡಿ ಆಗ್ತಾನೇ ಇರುತ್ತೆ. ಅಲ್ಲಾಹನ ಕಲಾಮನ್ನು ತಂದು ನನ್ನ ಪಠ್ಯಪುಸ್ತಕದ ಮೊಳೆಗೆ ನೇತುಹಾಕಬೇಡಿ. ನಾಳೆ ಆ ಮೊಳೆ ಕಿತ್ತರೆ ಹುಡುಗರು ಏನಂದುಕೊಳ್ತಾರೆ?"

ಹಾಗೆಂದು ಕುರ್‌ಆನ್ ಮತ್ತು ಕಲ್ಲಿಗೆ ಸಂಬಂಧವಿಲ್ಲ ಎಂದು ಅವರು ಹೇಳಿದವರಲ್ಲ. ಸೂರಃ ಫಾತಿರ್‌ನಲ್ಲಿ ಮಳೆಯ ಮಾತು ಬಂದು, ಬಣ್ಣಬಣ್ಣದ ಹಣ್ಣುಗಳ ಮಾತು ಬಂದು, ಆಮೇಲೆ ಬೆಟ್ಟಗಳಲ್ಲಿರುವ ಬಿಳಿ, ಕೆಂಪು, ಕಡುಕಪ್ಪು ಪಟ್ಟಿಗಳ ಮಾತು ಬರುತ್ತದೆ. ಅದರ ಬೆನ್ನಿಗೇ ಅಲ್ಲಾಹನನ್ನು ನಿಜವಾಗಿ ಭಯಪಡುವವರು ಅವನ ದಾಸರಲ್ಲಿ ಅರಿವುಳ್ಳವರು ಎಂಬ ಮಾತಿದೆ. ಉಲಮಾ ಎಂಬ ಪದ ಬರುವುದು ಅಲ್ಲಿ. ನಾವು ಮೌಲವಿಗಳು ಆ ಪದವನ್ನು ನಮ್ಮ ಪೇಟಕ್ಕೆ ಮಾತ್ರ ಕಟ್ಟಿಕೊಂಡಿದ್ದೇವೆ. ಅದರ ಹಿಂದಿನ ಸಾಲಿನಲ್ಲಿ ಇರುವುದು ಬೆಟ್ಟದ ಕಲ್ಲಿನ ಪಟ್ಟಿಗಳು. ಇದನ್ನು ಅವರು ನನಗೆ ಹೇಳಿದ್ದಲ್ಲ, ನಾನೇ ತಡವಾಗಿ ಕಂಡುಕೊಂಡದ್ದು.

ಒಮ್ಮೆ ಇಶಾ ನಂತರ ಒಬ್ಬ ಕಾಲೇಜು ಹುಡುಗ ಅವರನ್ನು ಕೇಳಿದ: ನಮ್ಮ ಕೆಳಗಿನ ಕಲ್ಲಿಗೆ 300 ಕೋಟಿ ವರ್ಷ ಅಂತೀರಲ್ಲ ಸರ್, ಅದನ್ನು ನಂಬಿದರೆ ಈಮಾನಿಗೆ ಧಕ್ಕೆ ಇಲ್ಲವೇ? ಅವರು ಬೈರೂನಿಯ ಕಥೆ ಹೇಳಿದರು. ಸಾವಿರ ವರ್ಷದ ಹಿಂದೆ ಅಬೂ ರೈಹಾನ್ ಅಲ್‌ಬೈರೂನಿ ಹಿಂದೂಸ್ತಾನಕ್ಕೆ ಬಂದಾಗ ನದಿಯ ಕಲ್ಲುಗಳನ್ನು ನೋಡಿದರು. ಬೆಟ್ಟದ ಹತ್ತಿರ ದೊಡ್ಡ ದುಂಡು ಕಲ್ಲು, ದೂರ ಹೋದ ಹಾಗೆ ಸಣ್ಣವು, ಇನ್ನೂ ದೂರಕ್ಕೆ ಬರೀ ಮರಳು. ಇದನ್ನು ನೋಡಿ ಈ ಬಯಲೆಲ್ಲ ಹಿಂದೆ ಸಮುದ್ರವಾಗಿತ್ತು, ನದಿಗಳು ತಂದ ಮಣ್ಣಿನಿಂದ ತುಂಬಿತು ಎಂದು ತೀರ್ಮಾನಿಸಿ ತಮ್ಮ ಪುಸ್ತಕದಲ್ಲಿ ಬರೆದರು. "ಅದಕ್ಕೆ ಎಷ್ಟು ಕಾಲ ಬೇಕು ಅಂತ ಅವರಿಗೂ ಗೊತ್ತಿತ್ತು. ಅವರ ನಮಾಝ್ ಏನೂ ತಪ್ಪಲಿಲ್ಲ. ನೀನು ಫಜ್ರಿಗೆ ಏಳು, 300 ಕೋಟಿ ವರ್ಷವನ್ನು ನಾನು ನೋಡಿಕೊಳ್ತೀನಿ" ಎಂದರು. ಹುಡುಗ ಈಗ ದುಬೈನಲ್ಲಿದ್ದಾನೆ. ಸುದ್ದಿ ತಿಳಿದು ಫೋನ್ ಮಾಡಿ ಅತ್ತ.

ಮನೆಯಲ್ಲಿ ಅವರು ಬರೀ ದಾದಾ. ಜಗಲಿಯ ಗಾಜಿನ ಬೀರುವಿನಲ್ಲಿ ಕಲ್ಲುಗಳು, ಒಂದೊಂದಕ್ಕೂ ಅಂಟಿಸಿದ ಚೀಟಿ. ಮೊಮ್ಮಕ್ಕಳಿಗೆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಗುರುತಿಸಲು ಕಲಿಸಿದ್ದರು. ನಾಲಿಗೆಗೆ ಅಂಟಿಕೊಂಡರೆ ಶೇಡಿಮಣ್ಣು, ಅಂಟದಿದ್ದರೆ ಬೇರೆ. ಮಕ್ಕಳೆಲ್ಲ ಬಿಳಿ ನಾಲಿಗೆ ಮಾಡಿಕೊಂಡು ಅಡುಗೆಮನೆಗೆ ಹೋದರೆ ದಾದಿಯಮ್ಮನಿಂದ ಬೈಗುಳ, ಮಕ್ಕಳಿಗಲ್ಲ, ದಾದಾನಿಗೆ. ದೊಡ್ಡ ಮೊಮ್ಮಗಳನ್ನು ಪಿಯುಸಿಗೆ ಸಾಗರಕ್ಕೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂದಾಗ, ಒಂದು ವರ್ಷ ದಿನಾ ಬೆಳಿಗ್ಗೆ ಬಸ್‌ಸ್ಟಾಂಡಿನವರೆಗೆ ತಾವೇ ಹೋಗಿ ಹತ್ತಿಸಿ ಬಂದರು. ಅವಳು ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ವಿಷಯ ಯಾವುದೆಂದು ನಾನು ಹೇಳಬೇಕಾಗಿಲ್ಲ.

ಈಗ ನನ್ನ ಬಾಕಿಯ ವಿಷಯ.

2019ರ ಬೇಸಿಗೆ. ಮಸೀದಿಯ ಹಿಂದಿನ ಧರೆಯನ್ನು ಕಡಿದು ಸಮತಟ್ಟು ಮಾಡಿ ಮದ್ರಸಕ್ಕೆ ಇನ್ನೊಂದು ಕೋಣೆ, ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ಕಮಿಟಿ ತೀರ್ಮಾನಿಸಿತು. ಜುಮಾಕ್ಕೆ ಬರುವವರ ಕಾರುಗಳು ರಸ್ತೆಯಲ್ಲಿ ನಿಂತು ಬಸ್ಸಿನವರೊಂದಿಗೆ ಜಗಳವಾಗುತ್ತಿತ್ತು. ಉದ್ದೇಶ ಒಳ್ಳೆಯದೇ. ನಾನೂ ಒಪ್ಪಿದ್ದೆ. ಪ್ರೊಫೆಸರ್ ಸಾಹೇಬರು ಊರುಗೋಲು ಹಿಡಿದು ಬಂದು ನೋಡಿದರು. "ಹಝ್ರತ್, ಈ ಧರೆ ನೇರವಾಗಿ ಕಡಿಬೇಡಿ. ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ ಇದೆ" ಎಂದರು.

ನಮ್ಮ ಮಕ್ಕಳು ಇದನ್ನು ಅರ್ಥ ಮಾಡಿಕೊಳ್ಳಬೇಕು. ಜಂಬಿಟ್ಟಿಗೆ ನಮಗೆಲ್ಲ ಗೊತ್ತು, ಈ ಮಸೀದಿಯ ಹಳೆಯ ಗೋಡೆಯೇ ಅದು. 1800ರ ಹೊತ್ತಿಗೆ, ಟಿಪ್ಪು ಸುಲ್ತಾನರು ಶಹೀದರಾದ ಮರುವರ್ಷ, ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತುತ್ತಾ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲು ನೋಡಿದ. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಗಿಟ್ಟರೆ ಗಟ್ಟಿ. ಇಟ್ಟಿಗೆಯ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಆ ಪ್ರವಾಸದಲ್ಲೇ ಇಕ್ಕೇರಿಗೆ, ನಮ್ಮ ನಗರಕ್ಕೂ ಬಂದಿದ್ದ. ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರ ಎಂದು ಕರೆದ ಅದೇ ಬಿದನೂರು. ಪ್ರೊಫೆಸರ್ ಸಾಹೇಬರಿಗೆ ಈ ಕಥೆ ಹೇಳುವುದೆಂದರೆ ಇಷ್ಟ. ಕೊನೆಗೆ, "ನಮ್ಮವರು ಬುಕಾನನ್ ಬರೋದಕ್ಕೆ ಮೊದಲೇ ಜಂಬ್‌'ಇಟ್ಟಿಗೆ' ಅಂತಿದ್ರು, ಅದನ್ನು ಯಾರೂ ಬರೀಲಿಲ್ಲ" ಎಂದು ಸೇರಿಸುತ್ತಿದ್ದರು.

ಸಾವಿರಾರು, ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲಿನಲ್ಲಿ ಕಲ್ಲು ಕೊಳೆತು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಮೇಲೆ ಉಳಿದು ಈ ಕೆಂಪು ಕಲ್ಲಾಗುತ್ತದೆ. ಇದರಲ್ಲಿ ತೂತುಗಳಿರುವುದರಿಂದ ಮಳೆನೀರು ಸರಾಗ ಇಳಿಯುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನೇರಳೆ ಬಣ್ಣದ ಮೆತ್ತನೆಯ ಶೇಡಿಮಣ್ಣು. ಹಿಂದೆ ಮನೆಗೆ ಬಳಿಯುತ್ತಿದ್ದೆವಲ್ಲ, ಅದು. ಮೇಲಿಂದ ಇಳಿದ ನೀರು ಶೇಡಿಯ ಮೇಲೆ ನಿಲ್ಲುತ್ತದೆ. ನಮ್ಮ ಬಾವಿಗಳಲ್ಲಿ ನೀರು ಸಿಗುವುದು ಇದೇ ಕಾರಣಕ್ಕೆ. ಅಲ್ಲಾಹನ ರಹ್ಮತ್. ಆದರೆ ಇಳಿಜಾರಿನ ಬುಡವನ್ನು ಕಡಿದು ಆ ಶೇಡಿಯನ್ನು ಬಯಲು ಮಾಡಿದರೆ, ಆಷಾಢದಲ್ಲಿ ಅದು ನೀರು ಕುಡಿದು ಅಂಬಲಿಯಾಗುತ್ತದೆ. ಮೇಲಿನ ಗಟ್ಟಿ ಕಲ್ಲು ತನ್ನ ಭಾರದಿಂದಲೇ ಜಾರಿ ಬರುತ್ತದೆ. ಅವರು ಒಂದು ಉಂಡೆ ಬಿಳಿ ಮಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟು, ವುಝೂ ಮಾಡುವ ಚೆಂಬಿನಿಂದ ನೀರು ಸುರಿದು, "ಹಿಂಡಿ ನೋಡಿ" ಎಂದರು. ಸೋಪಿನ ಹಾಗೆ ಬೆರಳ ಸಂದಿಯಿಂದ ಜಾರಿತು. ನಾನು ನಕ್ಕೆ.

ಕಡಿಯಲೇಬೇಕಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಮೇಲಿನ ಮರ ತೆಗೆಯಬೇಡಿ, ಧರೆಯ ನೆತ್ತಿಯಲ್ಲಿ ಒಂದು ಕಾಲುವೆ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ ಎಂದರು. ಹಾಗೆ ಮಾಡಿದರೆ ಜೆಸಿಬಿ ಬಾಡಿಗೆ ಹೆಚ್ಚು, ಎರಡು ಸಾಲು ಕಾರಿನ ಜಾಗ ಕಡಿಮೆ. ಕಮಿಟಿಯಲ್ಲಿ ಎರಡು ಅಭಿಪ್ರಾಯವಾಯಿತು. ಕೆಲಸ ನಿಂತಿತು.

ಮುಂದಿನ ಶುಕ್ರವಾರ ನಾನು ಇದೇ ಜಾಗದಲ್ಲಿ ನಿಂತು ತವಕ್ಕುಲ್ ಬಗ್ಗೆ ಬಯಾನ್ ಮಾಡಿದೆ. ಅಲ್ಲಾಹನ ಮನೆಯನ್ನು ಅಲ್ಲಾಹನೇ ಕಾಯುತ್ತಾನೆ, ಪುಸ್ತಕದ ಲೆಕ್ಕ ಹಿಡಿದುಕೊಂಡು ದೀನಿನ ಕೆಲಸಕ್ಕೆ ಅಡ್ಡ ಬರುವುದು ಈಮಾನಿನ ದೌರ್ಬಲ್ಯ ಎಂದೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಿಮ್ಮಲ್ಲಿ ಅನೇಕರು ತಿರುಗಿ ಮೂರನೆಯ ಸಫ್ಫಿನ ಎಡತುದಿಯ ಕುರ್ಚಿಯನ್ನು ನೋಡಿದಿರಿ. ಮಂಡಿನೋವಿನಿಂದ ಅವರು ಅಲ್ಲಿಯೇ ಕೂರುತ್ತಿದ್ದರು. ಅವರು ಸುನ್ನತ್ ಮುಗಿಸಿ, ಎಂದಿನಂತೆ ಸಲಾಂ ಹೇಳಿ ಹೋದರು. ಎರಡು ದಿನದಲ್ಲಿ ಧರೆ ನೇರ ಕಡಿದಾಯಿತು. ಮಳೆಗಾಲಕ್ಕೆ ಮೊದಲೇ ಹೊಸ ಕೋಣೆಯೂ ಎದ್ದಿತು.

ಆ ವರ್ಷದ ಆಗಸ್ಟ್ ಮಳೆ ನಿಮಗೆ ನೆನಪಿದೆ. ತೀರ್ಥಹಳ್ಳಿಯಲ್ಲಿ ತುಂಗೆ ಏರಿದ್ದು, ರಸ್ತೆಗಳು ಕಡಿದದ್ದು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ನಾನೂ ಮದ್ರಸಕ್ಕೆ ರಜೆ ಹೇಳಿದ್ದೆ. ದೂರದೃಷ್ಟಿಯಿಂದ ಅಲ್ಲ, ಒದ್ದೆ ಬಟ್ಟೆಯ ಮಕ್ಕಳನ್ನು ಸಂಭಾಳಿಸಲು ಬೇಸರವಾಗಿ. ಫಜ್ರ್ ಮುಗಿಸಿ ನಾನು ಕೋಣೆಗೆ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಗುಡುಗಿನಂಥದ್ದಲ್ಲ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಹೊರಗೆ ಬಂದು ನೋಡಿದರೆ ಮದ್ರಸದ ಹೊಸ ಕೋಣೆಯ ಹಿಂಗೋಡೆ ಇಲ್ಲ. ಕೋಣೆಯೊಳಗೆ ಎದೆಮಟ್ಟ ಕೆಂಪು ಬಿಳಿ ಮಣ್ಣು. ಮಾಮೂಲಿ ದಿನವಾಗಿದ್ದರೆ ಇನ್ನು ಅರ್ಧ ಗಂಟೆಯಲ್ಲಿ ಅಲ್ಲಿ 22 ಮಕ್ಕಳು ಕೂತಿರುತ್ತಿದ್ದರು. ಆಮೇಲೆ ಮಣ್ಣು ತೆಗೆಯುವಾಗ ಒಂದೊಂದೇ ರೆಹಲ್ ಸಿಕ್ಕಿತು. ಮುರಿದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಎಣಿಸಿದವನು ನಾನೇ. ಆ 22 ಮಕ್ಕಳಲ್ಲಿ ಒಬ್ಬ ನನ್ನ ಮಗ.

ಆ ಮಳೆಯಲ್ಲಿ ಮೊದಲು ಬಂದವರಲ್ಲಿ ಅವರೂ ಒಬ್ಬರು. ಕೊಡೆ ಹಿಡಿದುಕೊಂಡು, ಪೈಜಾಮ ಮಂಡಿವರೆಗೆ ಒದ್ದೆ. ಕೇಳಿದ ಮೊದಲ ಮಾತು, "ಮಕ್ಕಳು?" ಎರಡನೆಯದು, "ಯಾರೂ ಮಣ್ಣು ಮುಟ್ಟಬೇಡಿ." ಯುವಕರು ಆಗಲೇ ಹಾರೆ ಹಿಡಿದಿದ್ದರು. ಬಿದ್ದ ಮಣ್ಣೇ ಈಗ ಧರೆಗೆ ಆನಿಕೆ, ಅದನ್ನು ತೆಗೆದರೆ ಇನ್ನಷ್ಟು ಬರುತ್ತದೆ, ಮೊದಲು ಮೇಲೆ ಹೋಗಿ ನೀರು ತಿರುಗಿಸಿ, ಬಿರುಕಿಗೆ ಟಾರ್ಪಲ್ ಹೊದಿಸಿ ಎಂದು ಮಳೆಯಲ್ಲೇ ನಿಂತು ಹೇಳಿಸಿದರು. ಕೆಲವರು ಗೊಣಗಿದರು. ಮಧ್ಯಾಹ್ನ ಝುಹರ್ ಹೊತ್ತಿಗೆ ಇನ್ನೊಂದು ಪಾಲು ಇಳಿಯಿತು, ಬೆಳಿಗ್ಗೆ ಹುಡುಗರು ನಿಂತಿದ್ದ ಜಾಗಕ್ಕೇ.

ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಅವರೇ ನಿಂತು ಧರೆಯನ್ನು ಮೂರು ಮೆಟ್ಟಿಲು ಮಾಡಿಸಿದರು, ಕಲ್ಲುಗೋಡೆಯಲ್ಲಿ ಒಳಗಿನ ನೀರು ಹೊರಬರಲು ಪೈಪುಗಳನ್ನು ಇಡಿಸಿದರು, ಅಂಚಿಗೆ ಲಾವಂಚ ನೆಡಿಸಿದರು. ಗೋಡೆ ಮಣ್ಣನ್ನು ತಡೆದೀತು, ಮಣ್ಣಿನ ಹಿಂದೆ ಕಟ್ಟಿದ ನೀರನ್ನು ತಡೆಯಲಾರದು ಎಂದು ಮೇಸ್ತ್ರಿಗೆ ಹತ್ತು ಸಲ ಹೇಳಿದರು. ಕಳೆದ ಆರು ಮಳೆಗಾಲ ಅದು ನಿಂತಿದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ, ಅದೇ ತಿಂಗಳ ಕೊನೆಯಲ್ಲಿ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ, ನಾವೆಲ್ಲ ಅವರ ಮನೆಯ ಟಿವಿ ಮುಂದೆ ಕೂತಿದ್ದೆವು. ಒಬ್ಬರು, ನೋಡಿ ಸರ್, ನಮ್ಮದರ ಹಾಗೆಯೇ ಎಂದರು. "ಎಲ್ಲದಕ್ಕೂ ಒಂದೇ ಕಾರಣ ಹೇಳಬೇಡಿ. ಅಲ್ಲಿ ಮೇಲೆ ಎಲ್ಲೋ ಹೊರಟದ್ದು ಮೈಲಿಗಟ್ಟಲೆ ಹರಿದು ಬಂದಿದೆ. ಗೊತ್ತಾಗುವ ತನಕ ಸುಮ್ಮನಿರಬೇಕು" ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಧರೆ ಬಿದ್ದ ಮರುದಿನ ನಾನು ಅವರ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿದೆ. ಅವರು ಚಹಾದ ಲೋಟ ನನ್ನ ಕಡೆ ಸರಿಸಿ, "ಆರಿಹೋಗ್ತದೆ ಹಝ್ರತ್, ಕುಡೀರಿ" ಎಂದರು. ಅಷ್ಟೇ. ಅವರು ಕ್ಷಮಿಸಿದರು ಎಂದೇ ನಾನು ನಂಬಿದ್ದೇನೆ. ಆದರೆ ಸಹೋದರರೇ, ಮಂಗಳವಾರ ಅವರ ಜನಾಝಾದ ಮುಂದೆ ನಿಂತಾಗ ನನಗೆ ಹೊಳೆಯಿತು: ನಾನು ಅವರನ್ನು ನೋಯಿಸಿದ್ದು ನೂರಾರು ಜನರ ಮುಂದೆ, ಈ ಮಿಂಬರಿನ ಬಳಿ ನಿಂತು. ಕ್ಷಮೆ ಕೇಳಿದ್ದು ಯಾರೂ ಇಲ್ಲದ ಜಗಲಿಯಲ್ಲಿ. ಆರು ವರ್ಷ, 300ಕ್ಕೂ ಹೆಚ್ಚು ಜುಮಾ ನಾನು ಇಲ್ಲಿ ನಿಂತಿದ್ದೇನೆ. ಅವರು ಬದುಕಿದ್ದು ಆ ಕುರ್ಚಿಯಲ್ಲಿ ಕೂತಿದ್ದಾಗ ಒಂದು ಸಲವೂ ಇದನ್ನು ಹೇಳಲಿಲ್ಲ. ನಾಚಿಕೆಯಾಗಿತ್ತು. ಇಮಾಮನ ಮಾತಿಗೆ ಬೆಲೆ ಹೋದೀತು ಎಂದು ಹೆದರಿದ್ದೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಪ್ರವಾದಿಯವರು(ಸ) ಒಬ್ಬರಿಗೆ ಕಲಿಸಿದ್ದು ನನಗೆ ಗೊತ್ತಿಲ್ಲದ ಹದೀಸ್ ಏನಲ್ಲ. ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅಂದು ಒಂಟೆ ಕಟ್ಟಲು ಬಂದವರನ್ನೇ ಈಮಾನ್ ಕಡಿಮೆಯವರೆಂದು ತೋರಿಸಿದೆ. ತಪ್ಪು ಕಮಿಟಿಯದಲ್ಲ, ಅವರು ಇನ್ನೂ ಯೋಚಿಸುತ್ತಿದ್ದರು. ಅವರ ಯೋಚನೆಯನ್ನು ನಿಲ್ಲಿಸಿದವನು ನಾನು. ಅಂದು ನಾನು ಹೇಳಿದ್ದು ತಪ್ಪು. ಅವರು ಹೇಳಿದ್ದು ಸರಿ. ಅಂದು ನನ್ನ ಮಾತು ಕೇಳಿ ಅವರ ಬಗ್ಗೆ ಮನಸ್ಸಿನಲ್ಲಿ ಏನಾದರೂ ಅಂದುಕೊಂಡವರು ಇದ್ದರೆ ಅದರ ಹೊಣೆ ನನ್ನದು. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಅವರ ಮಕ್ಕಳು ಮುಂದಿನ ಸಫ್ಫಿನಲ್ಲಿದ್ದಾರೆ. ಅವರ ಬಳಿಯೂ ಎಲ್ಲರೆದುರು ಕ್ಷಮೆ ಕೇಳುತ್ತೇನೆ.

ಒಂದು ಜನಾಝಾ ಹಾದುಹೋದಾಗ ಸಹಾಬಿಗಳು ಒಳ್ಳೆಯ ಮಾತಾಡಿದರು, ಅದನ್ನು ಕೇಳಿ ಪ್ರವಾದಿಯವರು(ಸ) ನೀವು ಭೂಮಿಯ ಮೇಲೆ ಅಲ್ಲಾಹನ ಸಾಕ್ಷಿಗಳು ಎಂಬರ್ಥದ ಮಾತು ಹೇಳಿದರೆಂದು ಬುಖಾರಿ, ಮುಸ್ಲಿಮ್‌ನಲ್ಲಿ ಬಂದಿದೆ. ನನ್ನ ಸಾಕ್ಷ್ಯ ಇದು.

ಇನ್ನು ದಫನ್ ದಿನದ ಒಂದು ವಿಷಯಕ್ಕೆ ಕೆಲವರು ನನ್ನನ್ನು ಪ್ರಶ್ನಿಸಿದ್ದಾರೆ, ಉತ್ತರ ಹೇಳಬೇಕು. ಮಣ್ಣು ಹಾಕಿ ಮುಗಿದ ಮೇಲೆ ಅವರ ಕಿರಿಯ ಮೊಮ್ಮಗ, ನಾಲ್ಕನೇ ತರಗತಿಯ ಹುಡುಗ, ಅಂಗಿಯ ಅಡಿಯಲ್ಲಿ ಬಚ್ಚಿಟ್ಟುಕೊಂಡು ತಂದಿದ್ದ ಕಲ್ಲೊಂದನ್ನು ತೆಗೆದ. ದಾದಾನ ಬೀರುವಿನದು. ಎರಡು ಮುಷ್ಟಿ ಗಾತ್ರದ, ಕಪ್ಪು ಬಿಳಿ ಪಟ್ಟೆಗಳ ಕಲ್ಲು. ಚೀಟಿಯೂ ಅಂಟಿಕೊಂಡೇ ಇತ್ತು, ಅವರದೇ ಅಕ್ಷರ: 'ನೈಸ್, ಶರಾವತಿ ದಂಡೆ'. ಅದನ್ನು ದಾದಾನ ಜೊತೆ ಇಡಬೇಕು ಎಂದ. ದೊಡ್ಡವರು ಗದರಿಸಿದರು, ಬಿದ್‌ಅತ್ ಎಂಬ ಮಾತೂ ಬಂತು. ಹುಡುಗ ಅಳಲಿಲ್ಲ, ನನ್ನ ಮುಖ ನೋಡಿದ.

ಉಸ್ಮಾನ್ ಬಿನ್ ಮಝ್‌ಊನ್(ರಝಿ) ತೀರಿಕೊಂಡಾಗ ಪ್ರವಾದಿಯವರು(ಸ) ಒಬ್ಬರಿಗೆ ಕಲ್ಲು ತರಲು ಹೇಳಿದರು. ಅವರಿಂದ ಎತ್ತಲಾಗಲಿಲ್ಲ. ಪ್ರವಾದಿಯವರೇ(ಸ) ತೋಳು ಮಡಿಸಿಕೊಂಡು ಹೋಗಿ ಎತ್ತಿ ತಂದು ತಲೆಯ ಬಳಿ ಇಟ್ಟರು, ಕಬರಿನ ಗುರುತು ಉಳಿಯಲಿ ಎಂದು. ಇದು ಅಬೂದಾವೂದ್‌ನಲ್ಲಿದೆ. ಹೆಸರು ಕೆತ್ತಿದ, ಕಟ್ಟಡ ಕಟ್ಟಿದ ಮಾತಲ್ಲ, ಗುರುತಿಗೆ ಒಂದು ಕಲ್ಲು. ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೆ ಕಬರ್ ನೆಲಸಮವಾಗುತ್ತದೆ. ತಂದೆಯ ಕಬರಿನ ಜಾಗ ಹುಡುಕುತ್ತಾ ಕೆಸರಿನಲ್ಲಿ ನಿಂತವರನ್ನು ನಾನು ನೋಡಿದ್ದೇನೆ. ಹಾಗಾಗಿ ಒಪ್ಪಿದೆ. ಚೀಟಿ ಕಿತ್ತು ಹುಡುಗನ ಜೇಬಿಗೆ ಹಾಕಿದೆ. ಕಲ್ಲನ್ನು ತಲೆಯ ಕಡೆ ಅವನೇ ಇಟ್ಟ, ಅಲುಗಾಡದ ಹಾಗೆ ಸುತ್ತ ಮಣ್ಣು ತುಳಿದ. ದಾದಾ ಕಲಿಸಿದ ಹಾಗೆ ಪಟ್ಟೆಗಳನ್ನು ಎಣಿಸಿದನೋ ಏನೋ, ತುಟಿ ಅಲುಗುತ್ತಿತ್ತು.

ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ, ಅವರ ಕಬರನ್ನು ವಿಶಾಲಗೊಳಿಸಲಿ, ನೀರಿನಡಿಯಲ್ಲಿರುವ ಅವರ ತಂದೆಯ ಮೇಲೂ, ಗುರುತಿಲ್ಲದೆ ಮಲಗಿರುವ ನಮ್ಮೆಲ್ಲ ಹಿರಿಯರ ಮೇಲೂ ಕರುಣೆ ತೋರಲಿ. ಆಮೀನ್.

ಒಂದು ಪ್ರಕಟಣೆ. ಧರೆಯ ನೆತ್ತಿಯ ಕಾಲುವೆಯಲ್ಲಿ ಈ ವರ್ಷದ ಸೊಪ್ಪು, ಮಣ್ಣು ತುಂಬಿದೆ. ಪ್ರತಿ ವರ್ಷ ಅವರೇ ನೆನಪಿಸುತ್ತಿದ್ದರು. ಈ ಭಾನುವಾರ ಅಸರ್ ನಂತರ ಬಿಡಿಸುವ ಕೆಲಸವಿದೆ. ಹಾರೆ, ಗುದ್ದಲಿ, ಬುಟ್ಟಿ ಇರುವವರು ತನ್ನಿ. ಮಕ್ಕಳನ್ನು ಧರೆಯ ಕೆಳಗೆ ಬಿಡಬೇಡಿ, ಮೇಲೆ ಕರೆದುಕೊಂಡು ಬನ್ನಿ, ನೋಡಲಿ.